ಯೇಸುವಿನ ಅನುಕರಣೆಯೂ ಹೆಂಡತಿಯ ಬಳೆಗಳೂ

‘ಯೇಸುಸ್ವಾಮಿಯ ಹಾಗೆ ನಡೆಯಲು ನನ್ನಿಂದ ಆಗುತ್ತಿಲ್ಲ’ ಎಂಬ ಸಂಕಟ ಹೊತ್ತು ಆಪ್ತಸಲಹೆಗೆ ಬರುವ ಕ್ರೈಸ್ತರು ಕಾರವಾರದಿಂದ ಭಟ್ಕಳದವರೆಗಿನ ನಮ್ಮ ಕರಾವಳಿಯಲ್ಲಿ ಅಪರೂಪವೇನಲ್ಲ. ಅವರಲ್ಲಿ ಹೆಚ್ಚಿನವರು ಚಟಕ್ಕೆ ಬಿದ್ದವರಲ್ಲ, ಮೋಸ ಮಾಡಿದವರೂ ಅಲ್ಲ. ಊರಿನಲ್ಲಿ ಒಳ್ಳೆಯವರೆಂದು ಹೆಸರು ಪಡೆದು, ಆ ಹೆಸರಿನ ಬೆಲೆಯನ್ನು ಮನೆಯವರಿಂದ ತೆರಿಸುತ್ತಿರುವವರು. ಅಂಥ ಒಬ್ಬರ ಪ್ರಕರಣವನ್ನು, ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಯನ್ನು ಅವರೇ ತಮ್ಮ ಧರ್ಮಕೇಂದ್ರದಲ್ಲಿ ಹೇಳಿಕೊಂಡ ಮೇಲೆ, ನಾನು ಶಿಲುಬೆಯನ್ನು ಹಗುರ ಮಾಡಿದ್ದೇನೆ, ಅಂದರೆ ಯೇಸುವಿನ ಹಾದಿಯ ಕಷ್ಟವನ್ನು ತಗ್ಗಿಸಿದ್ದೇನೆ ಎಂದು ಕೆಲವು ಹಿರಿಯರಿಂದ ನನಗೆ ಆಕ್ಷೇಪ ಬಂತು. ಅದಕ್ಕೆ ಉತ್ತರ ಕೊಡುವ ಉದ್ದೇಶವೂ ಈ ಬರಹಕ್ಕಿದೆ.

ಅವರು ಮೀನುಗಾರಿಕಾ ಬಂದರಿಗೆ ಹೊಂದಿಕೊಂಡ ಒಂದು ಉದ್ಯಮದಲ್ಲಿ ಲೆಕ್ಕ ಬರೆಯುವವರು, ನಡುವಯಸ್ಸು ದಾಟಿದ ಕಥೋಲಿಕರು, ಕಾಲೇಜಿಗೆ ಹೋಗುವ ಮಗಳ ತಂದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಿಡಿದ ಮೀನಿನ ಪಾಲಿನ ಮೇಲೆ ಬದುಕುವ ಕಾರ್ಮಿಕರಿಗೆ ಆ ಎರಡು ತಿಂಗಳು ಕೈಯಲ್ಲಿ ಕಾಸಿರುವುದಿಲ್ಲ, ಮಕ್ಕಳ ಶಾಲೆಯ ಖರ್ಚು ಬರುವುದೂ ಅದೇ ಸಮಯಕ್ಕೆ. ತಿಂಗಳ ಸಂಬಳ ಎಣಿಸುವ ಇವರ ಬಳಿ ಜನ ಬರುವುದು ಸಹಜವೇ. ಕೇಳಿದವರಿಗೆಲ್ಲ ಕೊಟ್ಟರು, ಕೈಯಲ್ಲಿದ್ದದ್ದು ಮುಗಿದ ಮೇಲೆ ಸಹಕಾರಿ ಸಂಘದ ಸಾಲಗಳಿಗೆ ಜಾಮೀನು ಹಾಕಿದರು, ಜಾಮೀನಿನ ಕಂತು ತಮ್ಮ ಮೇಲೆಯೇ ಬಿದ್ದಾಗ ಹೆಂಡತಿಗೆ ತವರಿನಿಂದ ಬಂದಿದ್ದ ಬಳೆಗಳನ್ನು ತಿಳಿಸದೆ ಅಡವಿಟ್ಟರು. ಆಪ್ತಸಲಹೆಗೆ ಬಂದದ್ದು ಮಾತ್ರ ಈ ಕಾರಣಕ್ಕಲ್ಲ. ನಿದ್ರೆ ಬರುತ್ತಿಲ್ಲ, ಮೊದಲಿನ ಪ್ರೀತಿಯಿಂದ ಕೊಡಲು ಆಗುತ್ತಿಲ್ಲ, ಕೇಳುವವರನ್ನು ಕಂಡರೆ ಒಳಗೊಳಗೇ ಸಿಟ್ಟು ಬರುತ್ತದೆ, ಆದ್ದರಿಂದ ತಾನು ಕ್ರಿಸ್ತನಿಂದ ದೂರವಾಗಿದ್ದೇನೆ ಎಂಬುದು ಅವರ ದೂರಾಗಿತ್ತು.

ಮೊದಲ ಭೇಟಿಗಳಲ್ಲಿ ನಿದ್ರೆ, ಊಟ, ಕೆಲಸದ ಒತ್ತಡ ಇವುಗಳ ಸುತ್ತಲೇ ಮಾತು ನಡೆಯಿತು; ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ದಂಪತಿ ಒಟ್ಟಿಗೆ ಬಂದ ದಿನ ಅವರು ಒಂದು ನೋಟುಪುಸ್ತಕ ತಂದಿದ್ದರು. ಪ್ರತಿ ರಾತ್ರಿ ಮಲಗುವ ಮುನ್ನ, ಆ ದಿನ ಯೇಸುವಿನಂತೆ ನಡೆಯಲು ತಪ್ಪಿದ್ದು ಎಲ್ಲೆಲ್ಲಿ ಎಂದು ಅದರಲ್ಲಿ ಬರೆಯುತ್ತಿದ್ದರು. ಒಂದು ಪುಟವನ್ನು ಗಟ್ಟಿಯಾಗಿ ಓದಲು ಕೇಳಿದೆ. ಯಾರಿಗೋ ಇಲ್ಲವೆಂದದ್ದು, ಇನ್ನಾರ ಮೇಲೋ ಮನಸ್ಸಿನಲ್ಲೇ ಕೋಪಗೊಂಡದ್ದು, ಕೊಟ್ಟ ಹಣ ಹಿಂದಿರುಗೀತೇ ಎಂದು ಯೋಚಿಸಿದ್ದು, ಹೀಗೆ ಪಟ್ಟಿ ಸಾಗಿತು. ಹೆಂಡತಿಯ ಹೆಸರಾಗಲಿ ಮಗಳ ಹೆಸರಾಗಲಿ ಎಲ್ಲಿಯೂ ಇರಲಿಲ್ಲ. ಬಳೆಯ ವಿಷಯವೂ ಇರಲಿಲ್ಲ.

‘ಕೇಳುವವನಿಗೆ ಕೊಡು ಎಂದು ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಸ್ವಾಮಿಯೇ ಹೇಳಿದ್ದಾರಲ್ಲ ಮೇಡಂ, ಅದರಲ್ಲಿ ಮನೆಯ ಖರ್ಚು ನೋಡಿಕೊಂಡು ಕೊಡು ಎಂದಿಲ್ಲವಲ್ಲ’ ಎಂದು ಅವರು ನನ್ನನ್ನೇ ಕೇಳಿದರು. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಅವರ ಹೆಂಡತಿ, ಗಂಡನ ಮುಖ ನೋಡದೆ ನನಗೇ ಹೇಳುವಂತೆ ಮಾತನಾಡಿದರು: ‘ಯೇಸುಸ್ವಾಮಿ ತಮ್ಮದನ್ನು ಕೊಟ್ಟರು ಮೇಡಂ. ಮರಿಯಮ್ಮನ ಬಳೆ ಅಡವಿಟ್ಟು ಯಾರಿಗೂ ಕೊಡಲಿಲ್ಲ.’

ಗಂಡ ನಕ್ಕುಬಿಡಬಹುದು ಅಥವಾ ಸಿಟ್ಟಾಗಬಹುದು ಎಂದುಕೊಂಡೆ. ಎರಡೂ ಆಗಲಿಲ್ಲ. ಬಹಳ ಹೊತ್ತಿನ ಮೇಲೆ, ‘ಹಾಗಾದರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಬರೀ ಅಹಂಕಾರವೇ?’ ಎಂದರು. ಅದನ್ನು ನಾನು ಒಪ್ಪಲಿಲ್ಲ. ಈ ಹಂತದಲ್ಲಿ ‘ಹೌದು, ನಿಮಗೆ ಒಳ್ಳೆಯವರೆನಿಸಿಕೊಳ್ಳುವ ಆಸೆ’ ಎಂದು ಹೇಳಿಬಿಡುವುದು ಸಲಹೆಗಾರರಿಗೆ ಸುಲಭ. ಆದರೆ ಆ ಮಾತು ನೋಟುಪುಸ್ತಕದ ತಪ್ಪುಗಳಿಗೆ ಇನ್ನೊಂದನ್ನು ಸೇರಿಸುತ್ತದೆಯೇ ಹೊರತು ಬಳೆಯನ್ನು ಬಿಡಿಸುವುದಿಲ್ಲ. ‘ನಿಮ್ಮ ಕರುಣೆ ನಿಜವಾದದ್ದು, ಕೊಟ್ಟ ವಸ್ತು ಮಾತ್ರ ನಿಮ್ಮದಾಗಿರಲಿಲ್ಲ’ ಎಂದೆ. ಆಮೇಲೆ ಯೇಸುವಿನ ಬದುಕನ್ನು ಹೇಳುವ ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯವನ್ನು ಅವರಿಂದಲೇ ಓದಿಸಿದೆ. ತಂದೆತಾಯಿಗೆ ಸಲ್ಲಬೇಕಾದುದನ್ನು ‘ಇದು ದೇವರಿಗೆ ಮೀಸಲು’ ಎಂದು ಹೇಳಿ ತಪ್ಪಿಸುವವರನ್ನು ಯೇಸು ಅಲ್ಲಿ ಕಟುವಾಗಿ ಖಂಡಿಸುತ್ತಾರೆ. ಮನೆಯವರ ಪಾಲನ್ನು ಭಕ್ತಿಯ ಹೆಸರಿನಲ್ಲಿ ಎತ್ತಿ ಕೊಡುವುದನ್ನು ಅನುಕರಣೆ ಎನ್ನುವವರು ಈ ಭಾಗವನ್ನು ಓದಲೇಬೇಕು. ಶಿಲುಬೆಯ ಮೇಲಿದ್ದಾಗಲೂ ತಾಯಿಯನ್ನು ಪ್ರಿಯ ಶಿಷ್ಯನ ಆಸರೆಗೆ ಒಪ್ಪಿಸಿದ್ದನ್ನು ಯೊವಾನ್ನ ದಾಖಲಿಸಿದ್ದಾನೆ.

ಕ್ರೈಸ್ತರು ದಿನನಿತ್ಯದ ಬದುಕಿನಲ್ಲಿ ಯೇಸುವನ್ನು ಅನುಕರಿಸಲು ಶ್ರಮಿಸಬೇಕೇ ಎಂದು ಕೇಳಿದರೆ ನನ್ನ ಉತ್ತರ ಹೌದು ಎಂಬುದೇ. ಶಿಷ್ಯರ ಪಾದ ತೊಳೆದ ಮೇಲೆ ‘ನಿಮಗೊಂದು ಮಾದರಿ ಕೊಟ್ಟಿದ್ದೇನೆ’ ಎಂದವರನ್ನು ದೂರದಿಂದ ಕೈಮುಗಿದು ಬಿಟ್ಟುಬಿಡುವಂತಿಲ್ಲ. ಆದರೆ ಅನುಕರಿಸುವವರು ಅವರ ಕೊಡುಗೆಗಳನ್ನು ಮಾತ್ರ ಆರಿಸಿಕೊಂಡು ನಿರಾಕರಣೆಗಳನ್ನು ಓದದೆ ಬಿಡುತ್ತಾರೆ ಎಂಬುದು ನನ್ನ ತಕರಾರು. ‘ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ’ ಎಂದು ಶಿಷ್ಯ ಸಿಮೋನನೂ ಜೊತೆಯವರೂ ಬಂದು ಹೇಳಿದಾಗ, ನಸುಕಿನಲ್ಲೇ ಎದ್ದು ಏಕಾಂತದಲ್ಲಿ ಪ್ರಾರ್ಥಿಸುತ್ತಿದ್ದ ಯೇಸು ಆ ಜನರ ಬಳಿಗೆ ಮರಳದೆ ಬೇರೆ ಊರುಗಳಿಗೆ ಹೊರಟರು. ಸಹೋದರನಿಂದ ಆಸ್ತಿಯ ಪಾಲು ಕೊಡಿಸಿ ಎಂದು ಒಬ್ಬ ಬೇಡಿದಾಗ, ಆ ಕೆಲಸಕ್ಕೆ ನನ್ನನ್ನು ನೇಮಿಸಿದವರು ಯಾರು ಎಂದು ಕೇಳಿದರು. ಬಿರುಗಾಳಿಯ ನಡುವೆಯೂ ದೋಣಿಯಲ್ಲಿ ನಿದ್ರಿಸಿದರು. ಸಲಹೆಗೆ ಬಂದ ಈ ಗೃಹಸ್ಥರು ಮನೆಯ ಹಾಸಿಗೆಯಲ್ಲೇ ನಿದ್ರಿಸಲಾರದೆ ಹೋಗಿದ್ದರು.

ಇದೇ ಆಯ್ಕೆಯ ಓದು ಇನ್ನಷ್ಟು ಅಪಾಯಕಾರಿಯಾಗುವುದು ಗಂಡನ ಏಟು ತಿನ್ನುವ ಹೆಂಗಸರಲ್ಲಿ. ‘ಇನ್ನೊಂದು ಕೆನ್ನೆ ತೋರಿಸು’ ಎಂಬ ಮಾತು ಅವರಿಗೆ ಬಾಯಿಪಾಠವಾಗಿರುತ್ತದೆ. ವಿಚಾರಣೆಯಲ್ಲಿ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರದೆ, ನಾನು ಹೇಳಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಹೊಡೆಯುವುದೇಕೆ ಎಂದು ಪ್ರಶ್ನಿಸಿದರೆಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಂಥವರಿಗೆ ನಾನು ಮೊದಲು ಕೊಡುವುದು 181 ಮಹಿಳಾ ಸಹಾಯವಾಣಿಯ ಸಂಖ್ಯೆ ಮತ್ತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ವಿಷಯ. ಶುಭಸಂದೇಶದ ಚರ್ಚೆ ಆಮೇಲೆ.

ಈ ಪ್ರಕರಣದಲ್ಲಿ ಸಲಹೆ ಹೀಗಿತ್ತು. ನೋಟುಪುಸ್ತಕವನ್ನು ಸದ್ಯಕ್ಕೆ ಮುಚ್ಚಬೇಕು. ರಾತ್ರಿಯ ಆತ್ಮಪರಿಶೀಲನೆ ಹಳೆಯ, ಗೌರವದ ಪದ್ಧತಿ. ಆದರೆ ಅದನ್ನು ಕ್ರಮಬದ್ಧವಾಗಿ ಕಲಿಸಿದ, ಯೇಸುಸಭೆಯ (ಜೆಸ್ವಿಟ್ ಸಂಘದ) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ ಮೊದಲು ಮಾಡಬೇಕೆಂದದ್ದು ಪಡೆದುದಕ್ಕಾಗಿ ದೇವರಿಗೆ ಕೃತಜ್ಞತೆ ಹೇಳುವುದು, ತಪ್ಪಿನ ಲೆಕ್ಕ ಅನಂತರದ್ದು. ತಪ್ಪೊಪ್ಪಿಕೊಂಡ ಮೇಲೂ ಶಂಕೆ ಬಿಡದ ಕಾಟವನ್ನು ಅವರೇ 1522ರಲ್ಲಿ ಸ್ಪೇನಿನ ಮನ್ರೇಸಾ ಎಂಬ ಊರಿನಲ್ಲಿ ಅನುಭವಿಸಿದ್ದರು. ಹಾಗಾಗಿ ಪಾಪನಿವೇದನೆಗೆ ಹತ್ತಾರು ಗುರುಗಳ ಬಳಿ ಅಲೆಯದೆ ಒಬ್ಬರನ್ನೇ ನಂಬಿ ಅವರ ಮಾತಿಗೆ ನಿಲ್ಲಬೇಕೆಂದೂ, ಶಂಕೆ ಮತ್ತು ನಿದ್ರಾಹೀನತೆ ಹೀಗೇ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕೆಂದೂ ತಿಳಿಸಿದೆ.

ಜಾಮೀನಿನ ವಿಷಯದಲ್ಲಿ ನಾನು ಸಡಿಲ ಬಿಡಲಿಲ್ಲ. ಜಾಮೀನು ದಾನವಲ್ಲ, ಕೈಯಲ್ಲಿಲ್ಲದ ಹಣದ ವಾಗ್ದಾನ. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಬೈಬಲಿನ ಜ್ಞಾನೋಕ್ತಿಗಳಲ್ಲಿಯೂ ಜಾಮೀನಿಗೆ ಸಿಕ್ಕಿಬಿದ್ದವನು ನಿದ್ರೆ ಬಿಟ್ಟಾದರೂ ಬಿಡಿಸಿಕೊಳ್ಳಲಿ ಎಂಬ ಎಚ್ಚರಿಕೆಯಿದೆ. ಹೊಸ ಜಾಮೀನು ಬೇಡವೇ ಬೇಡ ಎಂದೆ. ಕೊಡುವ ಮೊತ್ತವನ್ನು ಗಂಡಹೆಂಡಿರಿಬ್ಬರೂ ಕುಳಿತು ಪ್ರತಿ ವರ್ಷ ಮೇ ತಿಂಗಳಲ್ಲೇ ನಿರ್ಧರಿಸಿ, ಅದನ್ನು ಸಾಲವೆನ್ನದೆ ಕೊಡುಗೆಯಾಗಿಯೇ ಕೊಡಲು ಹೇಳಿದೆ. ‘ಅಷ್ಟು ಕಡಿಮೆ ಕೊಟ್ಟರೆ ಏನು ಪ್ರಯೋಜನ?’ ಎಂದು ಅವರು ಕೇಳಿದರು. ಕಡಿಮೆಯೇ, ನಿಜ, ಆದರೆ ಅಷ್ಟು ನಿಮ್ಮದು ಎಂದೆ.

ಆಕ್ಷೇಪಿಸಿದ ಹಿರಿಯರು ಹೇಳುವಂತೆ ನಾನು ಶಿಲುಬೆಯನ್ನು ಹಗುರ ಮಾಡಿದ್ದೇನೆ. ಅವರಿಗೆ ನಾನು ನೆನಪಿಸುವುದಿಷ್ಟೆ: ದಾರಿಹೋಕನಾಗಿದ್ದ ಸಿರೇನ್ ಊರಿನ ಸಿಮೋನನ ಹೆಗಲಿಗೆ ಯೇಸುವಿನ ಶಿಲುಬೆ ಹೊರಿಸಿದವರು ಸೈನಿಕರು, ಯೇಸು ಅಲ್ಲ. ಆಪ್ತಸಲಹೆಗಾರರು ಧರ್ಮಗ್ರಂಥವನ್ನು ಎತ್ತಬಾರದೆಂದು ಹೇಳುವ ಸಹೋದ್ಯೋಗಿಗಳೂ ಇದ್ದಾರೆ. ಎದುರಿಗಿದ್ದವರು ತಮ್ಮ ನೋವನ್ನು ಶುಭಸಂದೇಶದ ಮಾತಿನಲ್ಲೇ ಹೇಳುತ್ತಿದ್ದಾಗ ನಾನು ಬರೀ ಸ್ವಂತ ಹಿತ, ಮಾನಸಿಕ ಆರೋಗ್ಯ ಎಂದಿದ್ದರೆ, ಅದನ್ನು ಅವರು ಪ್ರಲೋಭನೆಯೆಂದೇ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಈ ಸಲಹೆ ಜಿಪುಣರ ಕೈಗೆ ನೆಪವಾಗುವ ಸಾಧ್ಯತೆಯನ್ನು ಅಲ್ಲಗಳೆಯುವುದಿಲ್ಲ. ಆದರೆ ಜಿಪುಣರು ನಿದ್ರೆ ಕೆಟ್ಟು ನನ್ನಲ್ಲಿಗೆ ಬಂದದ್ದನ್ನು ನಾನು ಕಂಡಿಲ್ಲ.

ಬಳೆಗಳು ಇನ್ನೂ ಅಡವಿನಲ್ಲಿವೆ, ಕಂತು ಕಟ್ಟುತ್ತಿದ್ದಾರೆ. ಸಾಲಗಾರರ ಪರವಾಗಿ ಕಟ್ಟಿದ ಹಣವನ್ನು ಅವರಿಂದ ಕೇಳಿ ಪಡೆಯುವ ಹಕ್ಕು ಅದೇ ಕಾಯ್ದೆಯ 145ನೇ ಕಲಮಿನಲ್ಲಿ ಇದೆ ಎಂದು ತಿಳಿಸಿದಾಗ, ಕೇಳಲು ಮನಸ್ಸಿಲ್ಲವೆಂದು ಅವರು ಹೇಳಿದರು, ಕೇಳಲೇಬೇಕೆಂದು ಹೆಂಡತಿ ಹೇಳಿದರು. ಆ ತೀರ್ಮಾನವನ್ನು ನಾನು ತೆಗೆದುಕೊಳ್ಳಲಿಲ್ಲ. ಸಂಘದಿಂದ ಪ್ರತಿಯೊಂದು ಸಾಲದ ಬಾಕಿ ವಿವರವನ್ನು ಲಿಖಿತವಾಗಿ ಪಡೆದು ಇಬ್ಬರೂ ಮುಂದಿನ ಭೇಟಿಗೆ ತರಬೇಕೆಂದು ಹೇಳಿ ಕಳುಹಿಸಿದ್ದೇನೆ.