ಮಾತು ಕೇಳುತ್ತೆ, ಮುಖ ಕಾಣಲ್ಲ: ಲಿನಕ್ಸ್‌ನಲ್ಲಿ ವಿಡಿಯೋ ಕಾಲ್ ಪಜೀತಿ

ಪ್ರಶ್ನೆ: ನಮಸ್ಕಾರ್ರೀ ಸರ್. ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಅಂಗಡಿಯ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕೋಕೆ ಬರಲ್ಲ ಅಂದರು. ಹಾಗಾಗಿ ನಮ್ಮ ಅಕ್ಕನ ಮಗ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟು ಹೋದ. ಮೇಲ್, ಲೆಕ್ಕಪತ್ರ ಎಲ್ಲ ಚೆನ್ನಾಗಿ ನಡೀತಿದೆ. ಆದರೆ ಪುಣೆಯ ಒಬ್ಬ ದೊಡ್ಡ ಗಿರಾಕಿ ತಾವು ಬಳಸೋ ವಿಡಿಯೋ ಕಾಲ್ ಪ್ರೋಗ್ರಾಮ್‌ನಲ್ಲೇ ಸೀರೆ ತೋರಿಸಿ ಅಂತಾರೆ, ಅದರ ವಿಂಡೋಸ್ ಫೈಲನ್ನೂ ಕಳಿಸಿದ್ದಾರೆ. ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ನಡೆಸೋ ‘ವೈನ್’ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡು ಅದರಲ್ಲಿ ಓಪನ್ ಮಾಡಿದೆ. ಅವರ ಮಾತು ನನಗೆ ಕೇಳುತ್ತೆ, ನನ್ನ ಮಾತು ಅವರಿಗೆ ಕೇಳುತ್ತೆ. ಆದರೆ ಮುಖವೂ ಇಲ್ಲ, ಸೀರೆಯೂ ಇಲ್ಲ. ಕ್ಯಾಮೆರಾ ಸಿಗಲಿಲ್ಲ ಅಂತ ಬರುತ್ತೆ. ಕ್ಯಾಮೆರಾ ಕೆಟ್ಟಿದೆಯಾ? — ಸೀರೆ ವ್ಯಾಪಾರಿ, ಇಳಕಲ್

ಉತ್ತರ: ಸಾಹುಕಾರ್ರೇ, ಕ್ಯಾಮೆರಾ ಕೆಟ್ಟಿರಲಿಕ್ಕಿಲ್ಲ. ಆದರೂ ಮೊದಲು ಅದನ್ನೇ ನೋಡಿಬಿಡಿ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಚೀಸ್’ ಅಂತ ಒಂದು ಸಣ್ಣ ಪ್ರೋಗ್ರಾಮ್ ಸಿಗುತ್ತೆ, ಹಾಕಿಕೊಂಡು ಓಪನ್ ಮಾಡಿ. ನಿಮ್ಮ ಮುಖ ಕಂಡರೆ ಕ್ಯಾಮೆರಾ ಸರಿಯಿದೆ, ಲಿನಕ್ಸ್‌ಗೂ ಅದು ಸಿಕ್ಕಿದೆ, ತಕರಾರು ಇರೋದು ವೈನ್‌ನಲ್ಲಿ ಅಂತ ಅರ್ಥ. ಕಾಣದಿದ್ದರೆ ಕ್ಯಾಮೆರಾ ಮುಂದಿನ ಸಣ್ಣ ಮುಚ್ಚಳ ಸರಿಸಿದೆಯಾ ನೋಡಿ (ನಗಬೇಡಿ, ನನಗೆ ಬರೋ ಇಂಥ ದೂರುಗಳಲ್ಲಿ ಅದೂ ಇರುತ್ತೆ). ನೋಡಿದ ಮೇಲೆ ಚೀಸ್ ಮುಚ್ಚಿಬಿಡಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಕ್ಯಾಮೆರಾ ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್‌ಗೆ ಸಿಗೋದು, ಅದು ಹಿಡಿದಿಟ್ಟುಕೊಂಡಿದ್ದರೆ ಇನ್ನೊಂದಕ್ಕೆ ಬರೀ ಕಪ್ಪು ಪರದೆ.

ಈಗ ವೈನ್ ವಿಷಯ. 1993ರಿಂದ ನಡೆದುಬಂದ ಕೆಲಸ ಅದು, 1.0 ಅನ್ನೋ ಆವೃತ್ತಿ ಬರೋಕೇ 2008 ಆಯ್ತು. ಅದರೊಳಗೆ ವಿಂಡೋಸ್ ಇರಲ್ಲ. ಬೆಳಗಾವಿ ಮಾರ್ಕೆಟ್‌ನಲ್ಲಿ ಮರಾಠಿ ಗಿರಾಕಿಗೂ ಕನ್ನಡದ ಅಂಗಡಿಯವನಿಗೂ ನಡುವೆ ನಿಂತು ಆ ಮಾತು ಈ ಕಡೆ, ಈ ಮಾತು ಆ ಕಡೆ ದಾಟಿಸ್ತಾರಲ್ಲ, ಆ ಕೆಲಸ ವೈನ್‌ದು. ಪ್ರೋಗ್ರಾಮ್ ವಿಂಡೋಸ್‌ನ ಭಾಷೆಯಲ್ಲಿ ‘ಒಂದು ಕಿಟಕಿ ತೆರಿ, ಸ್ಪೀಕರ್‌ನಲ್ಲಿ ಇದನ್ನು ನುಡಿಸು’ ಅನ್ನುತ್ತೆ, ವೈನ್ ಅದನ್ನು ಲಿನಕ್ಸ್‌ಗೆ ತಿಳಿಯೋ ಹಾಗೆ ಹೇಳುತ್ತೆ. ಕಿಟಕಿ, ಅಕ್ಷರ, ಶಬ್ದ, ಆಟಗಳ ಚಿತ್ರ, ಇವೆಲ್ಲ ಅದಕ್ಕೆ ಚೆನ್ನಾಗಿ ಗೊತ್ತು. ನಿಮಗೆ ಮಾತು ಸರಾಗವಾಗಿ ಕೇಳ್ತಿರೋದು ಅದಕ್ಕೇ.

ಎಡವೋದು ಕ್ಯಾಮೆರಾದಲ್ಲಿ. ವಿಂಡೋಸ್‌ನಲ್ಲಿ ಪ್ರೋಗ್ರಾಮ್‌ಗಳು ಕ್ಯಾಮೆರಾ ಕೇಳೋಕೆ ಎರಡು ದಾರಿ ಇವೆ. ಹಳೇದು ಡೈರೆಕ್ಟ್‌ಶೋ, ಹೊಸದು ಮೀಡಿಯಾ ಫೌಂಡೇಶನ್. ಹಳೇ ದಾರಿಯಲ್ಲಿ ಕೇಳಿದರೆ ವೈನ್ ಲಿನಕ್ಸ್‌ನ ಕ್ಯಾಮೆರಾವನ್ನು ಕೊಡಬಲ್ಲದು. ಹೊಸ ದಾರಿಯ ಕ್ಯಾಮೆರಾ ಕೆಲಸ ಬಹಳ ಕಾಲದಿಂದ ಅರೆಬರೆಯಾಗಿಯೇ ಉಳಿದಿದೆ. ಈಗಿನ ಎಷ್ಟೋ ಪ್ರೋಗ್ರಾಮ್‌ಗಳು ಹೊಸ ದಾರಿಯಲ್ಲೇ ಕೇಳೋದು, ಹಾಗಾಗಿ ಕ್ಯಾಮೆರಾ ಪಟ್ಟಿ ಖಾಲಿ. ಇನ್ನೊಂದು ಮಾತು. ಕ್ಯಾಮೆರಾ ಜೊತೆ ಸಿಡಿಯಲ್ಲೋ ವೆಬ್‌ಸೈಟ್‌ನಲ್ಲೋ ಸಿಗೋ ವಿಂಡೋಸ್ ಡ್ರೈವರನ್ನು ವೈನ್‌ನಲ್ಲಿ ಹಾಕೋಕೆ ಹೋಗಬೇಡಿ, ಅದರಿಂದ ಏನೂ ಆಗಲ್ಲ. ಡ್ರೈವರ್ ಇರಬೇಕಾದ್ದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಮಾಮೂಲಿ ಯುಎಸ್‌ಬಿ ಕ್ಯಾಮೆರಾಗಳಿಗೆ ಅಲ್ಲಿ ಈಗಾಗಲೇ ಇದೆ.

ಹಾಗಾದ್ರೆ ಏನ್ ಮಾಡೋದು? ನನ್ನ ಕೇಳಿದರೆ, ವಿಡಿಯೋ ಕಾಲ್‌ಗೆ ವೈನ್ ಹಿಡಿಯೋದು ಎಲ್ಲಾ ಬಾಗಿಲು ಬಡಿದು ನೋಡಿದ ಮೇಲೆ. ಪುಣೆಯವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ‘ನಿಮ್ಮ ಪ್ರೋಗ್ರಾಮ್‌ಗೆ ಬ್ರೌಸರ್‌ನಲ್ಲಿ ಸೇರೋ ಲಿಂಕ್ ಇದೆಯಾ?’ ಬಹುತೇಕ ಇರುತ್ತೆ. ಇಂಥ ಪ್ರೋಗ್ರಾಮ್‌ಗಳು ಮೀಟಿಂಗ್‌ಗೆ ಕರೆಯೋವಾಗ ಕಳಿಸೋ ಲಿಂಕ್ ಒತ್ತಿದರೆ ಡೌನ್‌ಲೋಡ್ ಮಾಡಿ ಅಂತ ದೊಡ್ಡದಾಗಿ ತೋರಿಸಿ, ಬ್ರೌಸರ್‌ನಲ್ಲೇ ಸೇರಿ ಅನ್ನೋದನ್ನ ಕೆಳಗೆ ಸಣ್ಣಕ್ಷರದಲ್ಲಿ ಅಡಗಿಸಿಡ್ತಾರೆ. ಆ ಸಣ್ಣಕ್ಷರವೇ ನಿಮಗೆ ಬೇಕಾದ್ದು. ಫೈರ್‌ಫಾಕ್ಸೋ ಕ್ರೋಮೋ ಲಿನಕ್ಸ್‌ನ ಕ್ಯಾಮೆರಾವನ್ನು ನೇರವಾಗಿ ಮುಟ್ಟುತ್ತೆ, ನಡುವೆ ಯಾರೂ ಇರಲ್ಲ. ಗೂಗಲ್ ಮೀಟ್, ಜಿತ್ಸಿ ಎರಡೂ ಹೀಗೇ ನಡೆಯೋದು. ಝೂಮ್‌ಗಂತೂ ಲಿನಕ್ಸ್‌ನದೇ ಪ್ರೋಗ್ರಾಮ್ ಇದೆ. ಟೀಮ್ಸ್‌ಗೂ ಇತ್ತು, 2022ರ ಕೊನೆಗೆ ನಿಲ್ಲಿಸಿದರು, ಈಗ ಬ್ರೌಸರ್‌ನಲ್ಲಿ ತೆರೆದು ಆ್ಯಪ್ ಥರ ಇಟ್ಟುಕೊಳ್ಳಬಹುದು.

ಅವರದ್ದು ವಿಂಡೋಸ್ ಬಿಟ್ಟು ಬೇರೆಲ್ಲೂ ನಡೆಯಲ್ಲ ಅಂದರೆ, ವೈನ್ ಜೊತೆ ಗುದ್ದಾಡೋಕಿಂತ ಆ ಕಾಲ್ ಮಟ್ಟಿಗೆ ಬೇರೆ ಪ್ರೋಗ್ರಾಮ್‌ಗೆ ಅವರನ್ನು ಒಪ್ಪಿಸಿ, ಫೋನ್ ಸ್ಟ್ಯಾಂಡ್‌ಗೆ ಇಟ್ಟು ಮಾತಾಡಿ. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮೆಷಿನ್) ಇರೋ ಹಾಗೆ ಮಾಡೋ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸನ್ನೇ ಕೂರಿಸಿ ಕ್ಯಾಮೆರಾವನ್ನು ಅದಕ್ಕೆ ಒಪ್ಪಿಸೋ ದಾರಿಯೂ ಇದೆ. ಆದರೆ ಹಳೇ ಲ್ಯಾಪ್‌ಟಾಪ್ ಅಂದಿರಿ, 4 ಜಿಬಿ ರ‍್ಯಾಮ್ ಇದ್ದರೆ ಉಸಿರು ಕಟ್ಟುತ್ತೆ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಗಿರಾಕಿ ಕಳಿಸಿದ ಫೈಲ್ ವೈನ್‌ನಲ್ಲಿ ತೆರೆದರೆ ಲಿನಕ್ಸ್‌ಗೆ ಏನೂ ಆಗಲ್ಲ ಅನ್ನೋದು ತಪ್ಪು ತಿಳಿವಳಿಕೆ. ವೈನ್‌ನಲ್ಲಿ ಝಡ್ ಅನ್ನೋ ಡ್ರೈವ್ ಇರುತ್ತಲ್ಲ, ಅದು ನಿಮ್ಮ ಇಡೀ ಲಿನಕ್ಸ್ ಫೋಲ್ಡರ್‌ಗಳಿಗೆ ತೆರೆದ ಬಾಗಿಲು. ಪ್ರೋಗ್ರಾಮ್‌ನಲ್ಲಿ ಕಿಡಿಗೇಡಿತನ ಇದ್ದರೆ ನಿಮ್ಮ ಲೆಕ್ಕದ ಫೈಲ್‌ಗಳಿಗೂ ಅದು ಕೈ ಹಾಕಬಲ್ಲದು. ಫೈಲನ್ನು ಆ ಪ್ರೋಗ್ರಾಮ್‌ನವರ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ, ಗಿರಾಕಿ ಕಳಿಸಿದ್ದನ್ನು ಅಳಿಸಿಬಿಡಿ.

ಕಾಲ್ ಹತ್ತಿದ ಮೇಲೆ ನಿಮಗೆ ಇನ್ನೊಂದು ತಲೆನೋವು ಕಾದಿದೆ, ಬಣ್ಣದ್ದು. ಇಳಕಲ್ ಸೀರೆಯ ಸೆರಗಿನ ಕೆಂಪನ್ನು ಕ್ಯಾಮೆರಾ ತನಗೆ ತೋಚಿದಂತೆ ತಿದ್ದಿ ಬೇರೆಯೇ ಬಣ್ಣ ಮಾಡಿಬಿಡುತ್ತೆ. ಸೀರೆ ಸ್ವಲ್ಪ ಹತ್ತಿರ ಹಿಡಿದರೆ ಒಂದು ಬಣ್ಣ, ದೂರ ಹಿಡಿದರೆ ಇನ್ನೊಂದು. ಪರದೆ ತುಂಬಾ ಕೆಂಪೇ ತುಂಬಿಕೊಂಡಾಗ ಬೆಳಕೇ ಕೆಂಪಗಿದೆ ಅಂದುಕೊಂಡು ಅದು ತಿದ್ದೋಕೆ ಹೊರಡೋದೇ ಇದಕ್ಕೆ ಕಾರಣ, ಅದನ್ನು ಆಟೋ ವೈಟ್ ಬ್ಯಾಲೆನ್ಸ್ ಅಂತಾರೆ. ‘ಜಿ-ಯುವಿಸಿ-ವ್ಯೂ’ (guvcview) ಅನ್ನೋ ಪ್ರೋಗ್ರಾಮ್ ಹಾಕಿ, ಅದರಲ್ಲಿ ಈ ಆಟೋ ಆಫ್ ಮಾಡಿ. ಸೀರೆ ಪಕ್ಕ ಒಂದು ಬಿಳಿ ಕಾಗದ ಹಿಡಿದು, ಕಾಗದ ಬೆಳ್ಳಗೆ ಕಾಣೋವರೆಗೆ ಪಟ್ಟಿ ಎಳೆದು ಸರಿಮಾಡಿ. ಆಮೇಲೆ ಅದನ್ನು ಮುಚ್ಚಿ ಕಾಲ್ ಹಚ್ಚಿ. ಹೆಚ್ಚಿನ ಕ್ಯಾಮೆರಾಗಳು ಕರೆಂಟ್ ತಪ್ಪೋವರೆಗೂ ಆ ಸೆಟ್ಟಿಂಗ್ ಹಾಗೇ ಇಟ್ಟುಕೊಳ್ಳುತ್ತವೆ. ಹಗಲಲ್ಲಿ ಬಾಗಿಲ ಬೆಳಕಿಗೆ ತೋರಿಸಿದರೆ ಇನ್ನೂ ಒಳ್ಳೇದು. ಬಾಗಿಲ ಬೆಳಕು, ಟ್ಯೂಬ್‌ಲೈಟ್ ಎರಡೂ ಬೆರೆಸಬೇಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಅಮೆರಿಕದಲ್ಲಿರೋ ಮಗನ ಜೊತೆ ಸ್ಕೈಪ್‌ನಲ್ಲಿ ಮಾತಾಡಿ ಅಭ್ಯಾಸ. ಹೊಸ ಕಂಪ್ಯೂಟರ್‌ನಲ್ಲಿ ಉಬುಂಟು ಅನ್ನೋ ಲಿನಕ್ಸ್ ಇದೆ. ಪೆನ್‌ಡ್ರೈವ್‌ನಲ್ಲಿ ಸ್ಕೈಪ್‌ನ ಹಳೇ ವಿಂಡೋಸ್ ಸೆಟಪ್ ಇತ್ತು, ವೈನ್‌ನಲ್ಲಿ ಹಾಕಿದರೆ ಲಾಗಿನ್ ಆಗಲೇ ಒಲ್ಲದು. — ವಿಜಯಪುರ

ಉತ್ತರ: ಗುರುಗಳೇ, ಇದರಲ್ಲಿ ವೈನ್‌ದು ತಪ್ಪಿಲ್ಲ. 2003ರಲ್ಲಿ ಶುರುವಾದ ಸ್ಕೈಪನ್ನು ಮೈಕ್ರೋಸಾಫ್ಟ್ 2011ರಲ್ಲಿ ಕೊಂಡುಕೊಂಡಿತು, 2025ರ ಮೇ 5ಕ್ಕೆ ಮುಚ್ಚಿತು. ಆ ಕಡೆ ಕರೆ ಎತ್ತೋ ಸರ್ವರೇ ಇಲ್ಲ ಅಂದಮೇಲೆ ಯಾವ ಸೆಟಪ್ ಹಾಕಿದರೂ ಅಷ್ಟೇ. ಮಗನಿಗೆ ಗೂಗಲ್ ಮೀಟ್ ಲಿಂಕ್ ಒಂದು ಮಾಡಿ ಕಳಿಸೋಕೆ ಹೇಳಿ. ಅದನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ವಾರವಾರ ಅದನ್ನೇ ಒತ್ತಿದರಾಯ್ತು. ಮೊದಲ ಸಲ ಬ್ರೌಸರ್ ಕ್ಯಾಮೆರಾ, ಮೈಕ್ ಬಳಸಲಾ ಅಂತ ಕೇಳುತ್ತೆ, ಹೂಂ ಅನ್ನಿ.

ಪ್ರಶ್ನೆ: ಕ್ಯಾಮೆರಾ ಆನ್ ಇಟ್ಟು ಬರೆಯೋ ಆನ್‌ಲೈನ್ ಪರೀಕ್ಷೆ ಇದೆ. ಅವರ ವಿಂಡೋಸ್ ಸಾಫ್ಟ್‌ವೇರನ್ನು ವೈನ್‌ನಲ್ಲಿ ನಡೆಸಬಹುದಾ? — ಇಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಬೇಡಮ್ಮಾ. ಈ ಸಾಫ್ಟ್‌ವೇರ್‌ಗಳು ಇಡೀ ಕಂಪ್ಯೂಟರನ್ನು ಬಿಗಿಹಿಡಿಯೋಕೆ ವಿಂಡೋಸ್‌ನ ಒಳಗಿನವರೆಗೂ ಇಳೀತವೆ, ವೈನ್‌ನಲ್ಲಿ ಅದು ಆಗೋ ಮಾತಲ್ಲ. ವರ್ಚುವಲ್ ಮೆಷಿನ್‌ನಲ್ಲಿ ಹಾಕೋಣ ಅಂದರೆ ಅದನ್ನೂ ಕಂಡುಹಿಡಿದು ತೆರೆಯಲ್ಲ ಅನ್ನೋವು ಇವೆ. ಅಕಸ್ಮಾತ್ ಹೇಗೋ ತೆರೆದುಕೊಂಡು ನಡುವೆ ನಿಂತರೆ ನಕಲು ಮಾಡಿದಳು ಅಂತ ನಿನ್ನ ಮೇಲೇ ಬರುತ್ತೆ. ಸುಮ್ನೆ ಗೆಳತಿಯ ವಿಂಡೋಸ್ ಲ್ಯಾಪ್‌ಟಾಪ್ ಕೇಳು, ಇಲ್ಲಾಂದ್ರೆ ಕಾಲೇಜಿನ ಲ್ಯಾಬ್‌ನಲ್ಲಿ ಕೂತು ಬರೆಯೋಕೆ ಬಿಡ್ತಾರಾ ಅಂತ ಈಗಲೇ ವಿಚಾರಿಸು. ಅಣಕು ಪರೀಕ್ಷೆ ಅಂತ ಒಂದು ಇಟ್ಟಿರ್ತಾರೆ, ಅದನ್ನೂ ಅದೇ ಯಂತ್ರದಲ್ಲೇ ಬರೆ.