1992ರ ಮಿಯಾಟಾದ ಒಳಭಾಗವನ್ನು ಬದಲಿಸಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ?

ನೀವು ಬರೆದಿರುವುದು ಇಷ್ಟು: ಅಮೆರಿಕದಲ್ಲಿದ್ದೀರಿ, 1992ರ ಮಜ್ದಾ ಮಿಯಾಟಾ, ಅಂದರೆ ಚಾವಣಿ ಮಡಚುವ ಎರಡು ಸೀಟಿನ ಸಣ್ಣ ಕಾರು, ಕೊಂಡಿದ್ದೀರಿ, ನಿಮ್ಮ ಎತ್ತರ ಆರು ಅಡಿ ಒಂದು ಇಂಚು, ಕೈಯಲ್ಲಿರುವುದು ಸುಮಾರು ಎರಡು ಸಾವಿರ ಡಾಲರ್. ಕೆಂಪು ಚರ್ಮದ ಸೀಟು, ಮರದ ಸ್ಟಿಯರಿಂಗ್, ದೊಡ್ಡ ಟಚ್‌ಸ್ಕ್ರೀನ್, ಹೊಸ ಕಾರ್ಪೆಟ್ ಪಟ್ಟಿಯಲ್ಲಿವೆ. ಯಾವುದು ಮೊದಲು ಎಂದು ಕೇಳಿದ್ದೀರಿ.

ಪಟ್ಟಿಯಲ್ಲಿ ಇಲ್ಲದ್ದೇ ಮೊದಲು. ಕಾರಿನೊಳಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಬರುತ್ತಲೇ ಇಲ್ಲ ಎನ್ನಬೇಡಿ. ಮೂವತ್ತು ವರ್ಷ ದಾಟಿದ ಮಡಚುವ ಚಾವಣಿಯ ಕಾರಿಗೆ ನೀರು ಯಾವಾಗಲೋ ಬಂದೇ ಇರುತ್ತದೆ; ಕಾರ್ಪೆಟ್ ಅದನ್ನು ನಿಮ್ಮಿಂದ ಮುಚ್ಚಿಟ್ಟಿರುತ್ತದೆ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಆರಿಗಾನ್‌ನಲ್ಲಿ ನನ್ನ ಮನೆ, ನನ್ನದೂ 1.6 ಲೀಟರ್ ಎಂಜಿನ್ನಿನ ಮೊದಲ ತಲೆಮಾರಿನ ಮಿಯಾಟಾ. ಕೊಂಡ ಬೇಸಿಗೆಯಲ್ಲಿ ಉತ್ಸಾಹ ತಡೆಯಲಾರದೆ ಎರಡು ವಾರಾಂತ್ಯ ಕುಳಿತು, ನೆಲದ ತಗಡಿಗೆಲ್ಲ ಸದ್ದು ತಡೆಯುವ ಬ್ಯುಟೈಲ್ ಹಾಳೆಯನ್ನು ರೋಲರಿನಿಂದ ಒತ್ತಿ ಒತ್ತಿ ಅಂಟಿಸಿದೆ. ಅದರ ಮೇಲೆ ಫೋಮು, ಅದರ ಮೇಲೆ ಹೊಸ ಕಾರ್ಪೆಟ್. ಬಾಗಿಲು ಮುಚ್ಚಿದರೆ ಗಟ್ಟಿ ಪೆಟ್ಟಿಗೆಯ ಸದ್ದು. ಹೆಮ್ಮೆಯಿಂದ ನಾಲ್ಕು ಜನರಿಗೆ ಬಾಗಿಲು ಮುಚ್ಚಿ ತೋರಿಸಿದೆ. ಅಕ್ಟೋಬರಿನಲ್ಲಿ ಇಲ್ಲಿಯ ಮಳೆ ಹಿಡಿಯಿತು. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆ. ಕಾರ್ಪೆಟ್ಟಿನ ಮೇಲೆ ಕೈ ಇಟ್ಟರೆ ಒಣಗಿಯೇ ಇದೆ. ಎತ್ತಿ ನೋಡಿದರೆ ಕೆಳಗಿನ ಫೋಮು ಇಡ್ಲಿಯಂತೆ ನೀರು ಕುಡಿದು ಕುಳಿತಿತ್ತು.

ಕಾರಣ ಸೀಟುಗಳ ಹಿಂದೆ ಇತ್ತು. ಚಾವಣಿಯ ಮೇಲೆ ಬಿದ್ದ ನೀರು ಹಿಂಬದಿಯ ಒಂದು ಕಾಲುವೆಯಲ್ಲಿ ಹರಿದು, ಎಡಬಲದ ಎರಡು ರಂಧ್ರಗಳಿಗೆ ಇಳಿದು, ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಬೀಳಬೇಕು. ಆ ದಾರಿಯಲ್ಲಿ ಎಲೆ, ಮಣ್ಣು, ನಮ್ಮೂರಿನ ಫರ್ ಮರಗಳ ಸೂಜಿಯಂಥ ಎಲೆ ತುಂಬಿಕೊಂಡರೆ ನೀರು ಕಾರಿನೊಳಗೇ ಉಕ್ಕುತ್ತದೆ. ಒಂದು ಲೋಟ ನೀರನ್ನು ಮೆಲ್ಲಗೆ ಆ ರಂಧ್ರಕ್ಕೆ ಸುರಿದು ಕೆಳಗೆ ನೋಡಿ. ತಕ್ಷಣ ಬಿದ್ದರೆ ಸರಿ, ತೊಟ್ಟಿಕ್ಕಿದರೆ ಕೆಲಸವಿದೆ. ಹುಲ್ಲು ಕತ್ತರಿಸುವ ಯಂತ್ರದ ಪ್ಲಾಸ್ಟಿಕ್ ದಾರವನ್ನು ತೂರಿಸಿ ಸ್ವಚ್ಛ ಮಾಡಿ; ಕಬ್ಬಿಣದ ತಂತಿ, ಸ್ಕ್ರೂಡ್ರೈವರ್ ಬೇಡ, ಒಳಗಿನ ಕೊಳವೆ ಕಳಚಿಕೊಂಡರೆ ಅದೇ ಬೇರೆ ಕಥೆಯಾಗುತ್ತದೆ. ನಿಮ್ಮ ವರ್ಷದ ಕಾರಿನಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇರುವುದು ಪಕ್ಕದ ಸೀಟಿನವರ ಕಾಲ ಬಳಿ, ಕಾರ್ಪೆಟ್ಟಿನ ಕೆಳಗೆ, ಒಂದು ತಗಡಿನ ಹಿಂದೆ. ಹಾಗಾಗಿ ಇದು ಬರೀ ವಾಸನೆಯ ಪ್ರಶ್ನೆಯಲ್ಲ.

ಇನ್ನು ಸೀಟು. ನಿಮ್ಮ ಪಟ್ಟಿಯಲ್ಲಿ ಕೆಂಪು ಬಣ್ಣವಿದೆ, ಎತ್ತರದ ಮಾತಿಲ್ಲ. ಈ ಕಾರಿನ ಸ್ಟಿಯರಿಂಗ್ ಮೇಲೆ ಕೆಳಗೆ ಆಡುವುದಿಲ್ಲ, ಸೀಟು ಮುಂದೆ ಹಿಂದೆ ಮಾತ್ರ ಸರಿಯುತ್ತದೆ. ಆರಡಿ ದಾಟಿದವರ ತಲೆ ಚಾವಣಿಯ ಬಟ್ಟೆಗೆ ತಾಗುತ್ತದೆ, ಚಾವಣಿ ಮಡಚಿದರೆ ಕಣ್ಣು ಸರಿಯಾಗಿ ಗಾಜಿನ ಮೇಲಂಚಿಗೆ ಬರುತ್ತದೆ. ಇದಕ್ಕೆ ಮಿಯಾಟಾದವರು ಕಂಡುಕೊಂಡ ಉಪಾಯಕ್ಕೆ ಫೋಮೆಕ್ಟಮಿ ಎಂದು ಹೆಸರು. ಹೊಟ್ಟೆಯ ಅಪೆಂಡಿಕ್ಸ್ ತೆಗೆದಂತೆ ಸೀಟಿನ ಫೋಮನ್ನು ತೆಗೆಯುವುದು, ಅಷ್ಟೇ.

ನಾಲ್ಕು ಬೋಲ್ಟು ಬಿಚ್ಚಿದರೆ ಸೀಟು ಹೊರಗೆ ಬರುತ್ತದೆ. ತಲೆದಿಂಬಿನಲ್ಲಿ ಸ್ಪೀಕರ್ ಇದ್ದರೆ ಅದರ ತಂತಿಯನ್ನು ಮೊದಲು ಬೇರ್ಪಡಿಸಿ. ಮಗುಚಿ ಹಾಕಿದರೆ ಹೊದಿಕೆಯನ್ನು ಚೌಕಟ್ಟಿಗೆ ಹಿಡಿದಿರುವ ಸಣ್ಣ ಲೋಹದ ಉಂಗುರಗಳು ಕಾಣುತ್ತವೆ. ಅವನ್ನು ಕತ್ತರಿಸಿ ಹೊದಿಕೆ ಬಿಚ್ಚಿ. ಆಮೇಲೆ ಫೋಮಿನ ದಿಂಬನ್ನು ತಲೆಕೆಳಗು ಮಾಡಿ, ಕುಳಿತಾಗ ನಿಮ್ಮ ಭಾರ ಹೊರುವ ಮೂಳೆಗಳು ಬರುವ ಜಾಗವನ್ನು ಪೆನ್ನಿನಿಂದ ಗುರುತಿಸಿ, ಬ್ರೆಡ್ ಕೊಯ್ಯುವ ವಿದ್ಯುತ್ ಚಾಕುವಿನಿಂದ ಕೆಳಬದಿಯಿಂದ ತುಸು ತುಸುವೇ ತೆಗೆಯಿರಿ. ಮೇಲ್ಬದಿ ಮುಟ್ಟಬೇಡಿ, ಆಕಾರ ಕೆಡುತ್ತದೆ. ತೊಡೆಯ ಕೆಳಗಿನ ಭಾಗವನ್ನೂ ಪಕ್ಕದ ಏರುಗಳನ್ನೂ ಹಾಗೆಯೇ ಬಿಡಿ, ತಿರುವಿನಲ್ಲಿ ನಿಮ್ಮನ್ನು ಹಿಡಿಯುವುದು ಅವೇ. ಸ್ವಲ್ಪ ಕೊಯ್ದು, ಸೀಟನ್ನು ಜೋಡಿಸಿ, ಕುಳಿತು ನೋಡಿ, ಮತ್ತೆ ಬಿಚ್ಚಿ. ಬೇಸರದ ಕೆಲಸ, ನಿಜ. ಆದರೆ ಕೊಯ್ದ ಫೋಮು ಮತ್ತೆ ಬೆಳೆಯುವುದಿಲ್ಲ. ನನಗೆ ಸುಮಾರು ಒಂದೂವರೆ ಇಂಚು ಸಿಕ್ಕಿತು. ಆ ಒಂದೂವರೆ ಇಂಚಿನಲ್ಲಿ ಬೇರೊಂದು ಕಾರೇ ಸಿಕ್ಕಂತಾಯಿತು: ಮೊದಲು ಕಾರಿನ ಮೇಲೆ ಕುಳಿತಿದ್ದೆ, ಈಗ ಒಳಗೆ ಕುಳಿತೆ.

ಹೊದಿಕೆ ಹೇಗೂ ಬಿಚ್ಚಿರುವುದರಿಂದ ಹೊಸದನ್ನು ಆಗಲೇ ಹಾಕಿಬಿಡಿ. ಈ ಕಾರಿನ ಅಳತೆಗೇ ಹೊಲಿದ ಸಿದ್ಧ ಹೊದಿಕೆಗಳು ಸಿಗುತ್ತವೆ. ನನ್ನ ಬಾಲ್ಯದಲ್ಲಿ ಅಪ್ಪನ ಫಿಯೆಟ್‌ಗೆ ಸೀಟು ಹೊಲಿಸಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಿದ್ದೆವು. ಅಲ್ಲಿಯ ಕುಶನ್ ಕೆಲಸದವರು ಹೊಲಿದ ರೆಕ್ಸಿನ್ ಹೊದಿಕೆಯನ್ನು ಅರ್ಧ ಗಂಟೆ ಬಿಸಿಲಿಗೆ ಹರಡಿ, ಅದು ಮೆತ್ತಗಾದ ಮೇಲೆ ಮೊಣಕಾಲು ಊರಿ ಎಳೆದು ಕೂರಿಸುತ್ತಿದ್ದರು. ಅಮೆರಿಕದ ವಿಡಿಯೋಗಳಲ್ಲಿ ಇದಕ್ಕೆ ಹಬೆಯ ಯಂತ್ರ, ಬಿಸಿಗಾಳಿಯ ಗನ್ ಎಲ್ಲ ತೋರಿಸುತ್ತಾರೆ. ನಾನು ಮಾಡಿದ್ದು ಜುಲೈ ಬಿಸಿಲಿನಲ್ಲಿ, ಮೊಣಕಾಲಿನಿಂದ. ಒಂದು ಸುಕ್ಕೂ ಉಳಿಯಲಿಲ್ಲ.

ಬಣ್ಣ ನಿಮ್ಮ ಇಷ್ಟ. ಒಂದೆರಡು ವಿಷಯ ಮಾತ್ರ ಹೇಳುತ್ತೇನೆ. ತೆರೆದ ಕಾರಿನಲ್ಲಿ ದಾರ ಬಿಸಿಲು ತಡೆಯಬೇಕು, ಆದ್ದರಿಂದ ನೈಲಾನಿಗಿಂತ ಪಾಲಿಯೆಸ್ಟರ್ ದಾರದ ಹೊಲಿಗೆ ಕೇಳಿ. ಡ್ಯಾಶ್‌ಬೋರ್ಡಿನ ಮೇಲ್ಭಾಗವನ್ನು ಕೆಂಪೋ ಕಂದೋ ಮಾಡಲು ಹೋಗಬೇಡಿ. ತಿಳಿ ಬಣ್ಣ, ಹೊಳಪಿನ ಬಣ್ಣ ಯಾವುದಿದ್ದರೂ ಮಧ್ಯಾಹ್ನದ ಬಿಸಿಲಿನಲ್ಲಿ ಮುಂದಿನ ಗಾಜಿನಲ್ಲಿ ಪ್ರತಿಬಿಂಬಿಸಿ ರಸ್ತೆಯನ್ನು ಮಸುಕು ಮಾಡುತ್ತದೆ. 1991ರಲ್ಲಿ ಅಮೆರಿಕಕ್ಕೆ ಬಂದ ಹಸಿರು ಬಣ್ಣದ ವಿಶೇಷ ಆವೃತ್ತಿಯನ್ನು ನೋಡಿ: ಕಂದು ಚರ್ಮದ ಸೀಟು, ಇಟಲಿಯ ನಾರ್ಡಿ ಕಂಪನಿಯ ಮರದ ಗೇರ್ ನಾಬ್, ಮರದ ಹ್ಯಾಂಡ್‌ಬ್ರೇಕ್ ಹಿಡಿ, ಡ್ಯಾಶ್‌ಬೋರ್ಡ್ ಮಾತ್ರ ಕಪ್ಪೇ. ನಿಮ್ಮ ಕಾರಿನ ಮೂಲ ಬಟ್ಟೆಯ ಸೀಟು ಹರಿಯದೆ ಉಳಿದಿದ್ದರೆ ಕೊಯ್ಯುವ ಮುನ್ನ ಒಮ್ಮೆ ಸರಿಯಾಗಿ ನೋಡಿ. ಅದರ ನೇಯ್ಗೆಯ ವಿನ್ಯಾಸವನ್ನು ಜಪಾನಿನ ತತಾಮಿ ಚಾಪೆಯಿಂದ ತೆಗೆದುಕೊಂಡಿದ್ದಾರೆ. ನನಗಂತೂ ಅದು ಯಾವ ಚರ್ಮಕ್ಕಿಂತಲೂ ಚೆನ್ನಾಗಿ ಕಾಣುತ್ತದೆ, ಬಿಸಿಲಿನಲ್ಲಿ ತೊಡೆಯನ್ನೂ ಸುಡುವುದಿಲ್ಲ. ನನ್ನ ಮೂಲ ಬಟ್ಟೆ ಹರಿದು ಚಿಂದಿಯಾಗಿತ್ತು, ಇಲ್ಲದಿದ್ದರೆ ಬಿಡುತ್ತಿರಲಿಲ್ಲ.

ರೇಸಿಂಗ್ ಸೀಟು ಹಾಕಬಹುದೇ ಎಂದು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಬೇಡ. ಗೇರಿನ ದಿಬ್ಬಕ್ಕೂ ಬಾಗಿಲಿಗೂ ನಡುವಿನ ಜಾಗ ಇಕ್ಕಟ್ಟು, ಹೆಚ್ಚಿನವು ಹಿಡಿಯುವುದೇ ಇಲ್ಲ.

ಸ್ಟಿಯರಿಂಗ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಅಮೆರಿಕದ 1992ರ ಮಿಯಾಟಾದಲ್ಲಿ ಚಾಲಕನ ಏರ್‌ಬ್ಯಾಗ್ ಇದೆ, ನಾರ್ಡಿಯ ಮರದ ಸ್ಟಿಯರಿಂಗ್ ಚಕ್ರದಲ್ಲಿ ಇಲ್ಲ. ಅಂದರೆ ಮರವನ್ನು ಆರಿಸುವುದೆಂದರೆ ಏರ್‌ಬ್ಯಾಗನ್ನು ಬಿಡುವುದು. ಇದನ್ನು ಯಾರೂ ನಿಮಗೆ ನೇರವಾಗಿ ಹೇಳುವುದಿಲ್ಲ, ಚಕ್ರ ಮಾರುವವರಂತೂ ಹೇಳುವುದೇ ಇಲ್ಲ. ಇಲ್ಲಿಯ ಫೆಡರಲ್ ಕಾನೂನಿನ ಪ್ರಕಾರ ದುರಸ್ತಿ ಅಂಗಡಿಯವರು ಸುರಕ್ಷತಾ ಸಾಧನವನ್ನು ನಿಷ್ಕ್ರಿಯಗೊಳಿಸುವಂತಿಲ್ಲ. ಆ ನಿಷೇಧ ಸ್ವಂತ ಕಾರಿನ ಮಾಲೀಕನಿಗೆ ಅನ್ವಯಿಸುವುದಿಲ್ಲ, ಆದರೆ ನಿಮ್ಮ ರಾಜ್ಯದ ತಪಾಸಣೆಯ ನಿಯಮ ಬೇರೆ ಇರಬಹುದು. ವಿಮೆಯವರನ್ನೂ ಕೇಳಿ. ದಿನವೂ ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗುವ ಕಾರಾದರೆ ಮೂಲ ಚಕ್ರಕ್ಕೆ ಚರ್ಮ ಹೊಲಿಸಿ ಸುಮ್ಮನಿರಿ. ಏರ್‌ಬ್ಯಾಗಿನ ಮುಚ್ಚಳವನ್ನು ಮಾತ್ರ ಹೊಲಿಯಬಾರದು, ಬಣ್ಣ ಹೊಡೆಯಬಾರದು. ಅದು ಸ್ಫೋಟಿಸಿ ಬಿಚ್ಚಿಕೊಳ್ಳಬೇಕಾದ ಮುಚ್ಚಳ.

ಇಷ್ಟಾದರೂ ಮರವೇ ಬೇಕೆಂದರೆ ಬ್ಯಾಟರಿಯ ತಂತಿ ತೆಗೆದು ಸಾಕಷ್ಟು ಹೊತ್ತು ಬಿಡದೆ ಏರ್‌ಬ್ಯಾಗಿನ ಕನೆಕ್ಟರಿಗೆ ಕೈ ಹಚ್ಚಬೇಡಿ. ನಾನು ಊಟ ಮುಗಿಸಿ ಬಂದು ಕೈ ಹಚ್ಚಿದೆ. ಬ್ಯಾಟರಿ ಬಾನೆಟ್ಟಿನ ಕೆಳಗಿಲ್ಲ, ಡಿಕ್ಕಿಯಲ್ಲಿದೆ. ಮೊದಲ ದಿನ ನಾನೂ ಮುಂದೆಯೇ ಹುಡುಕಿದ್ದೆ. ಚಕ್ರಕ್ಕೂ ಸ್ಟಿಯರಿಂಗ್ ಕಂಬಕ್ಕೂ ನಡುವೆ ಹಬ್ ಎಂಬ ಕೂಡುಭಾಗ ಬೇಕು, ಅದರ ಬೋಲ್ಟುಗಳ ವೃತ್ತ ಚಕ್ರಕ್ಕೆ ಹೊಂದಬೇಕು: ನಾರ್ಡಿಗೆ 74 ಮಿಲಿಮೀಟರ್, ಮೋಮೋ ಎಂಬ ಇನ್ನೊಂದು ಕಂಪನಿಯ ಚಕ್ರಕ್ಕೆ 70. ಎರಡೂ ಆರು ಬೋಲ್ಟಿನವೇ ಆದ್ದರಿಂದ ಚಿತ್ರದಲ್ಲಿ ಒಂದೇ ತರಹ ಕಾಣುತ್ತವೆ, ಕೊಂಡ ಮೇಲೆ ಕೂರುವುದಿಲ್ಲ. 350 ಮಿಲಿಮೀಟರಿನ ಚಕ್ರ ನಿಮ್ಮ ತೊಡೆಗೆ ಜಾಗ ಬಿಡುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಕಾರಾದರೆ ಪಾರ್ಕಿಂಗಿನಲ್ಲಿ ತೋಳಿಗೆ ವ್ಯಾಯಾಮ.

ಗೇರ್ ನಾಬಿನ ತಿರುಪು ಎಂ10, 1.25ರ ಎಳೆ; ಅಂದರೆ ಹತ್ತು ಮಿಲಿಮೀಟರ್ ದಪ್ಪ, ಎಳೆಗಳ ನಡುವೆ 1.25 ಮಿಲಿಮೀಟರ್ ಅಂತರ. ಐದು ನಿಮಿಷದ ಕೆಲಸ. ಆದರೆ ನಾಬು ಬಿಚ್ಚಿದಾಗ ಅದರ ಕೆಳಗಿನ ರಬ್ಬರ್ ಹೊದಿಕೆಗಳನ್ನೂ ನೋಡಿ. ಅವು ಹರಿದಿದ್ದರೆ ಎಂಜಿನ್ನಿನ ಬಿಸಿಯೂ ರಸ್ತೆಯ ಸದ್ದೂ ನೇರವಾಗಿ ಮೊಣಕಾಲಿಗೆ ಬರುತ್ತವೆ. ಮೇಲೆ ಚಂದದ ಚರ್ಮದ ಚೀಲ ಹಾಕಿ, ಕೆಳಗೆ ಹರಿದ ರಬ್ಬರ್ ಬಿಟ್ಟು, ಕಾರು ಬಿಸಿಯಾಗುತ್ತದೆ ಎಂದು ಗೊಣಗುವವರನ್ನು ಕಂಡಿದ್ದೇನೆ. ರಬ್ಬರಿಗೆ ತಗಲುವ ಖರ್ಚು ನಾಬಿಗಿಂತ ಕಡಿಮೆ.

ಕಾರ್ಪೆಟ್ಟು ಮತ್ತು ಫೋಮನ್ನು ಕರಕುಶಲ ಸಾಮಗ್ರಿಯ ಅಂಗಡಿಯಿಂದ ತರಬೇಡಿ, ವಾಹನಕ್ಕೆಂದೇ ಮಾರುವುದನ್ನು ಕೊಳ್ಳಿ. ಕಾರಿನ ಒಳಗಿನ ಬಟ್ಟೆ, ಫೋಮುಗಳಲ್ಲಿ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು ಎಂಬ ನಿಯಮ ಅಮೆರಿಕದ ತಯಾರಕರಿಗಿದೆ. ಮನೆಯ ಸೋಫಾದ ಫೋಮಿಗೆ ಆ ನಿಯಮವಿಲ್ಲ.

ಬಾಗಿಲ ಫಲಕಗಳು ಉಬ್ಬಿದ್ದರೆ ಅದೂ ನೀರಿನದೇ ಕೆಲಸ. ಫಲಕದ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಸ್ಪೀಕರ್ ಬದಲಿಸಿದವರೆಲ್ಲ ಅದನ್ನು ಹರಿದು ಎಸೆದಿರುತ್ತಾರೆ. ಹೊಸ ಹಾಳೆ ಅಂಟಿಸದೆ ಹೊಸ ಫಲಕ ಹಾಕಿದರೆ ಅದೂ ಉಬ್ಬುತ್ತದೆ.

ಟಚ್‌ಸ್ಕ್ರೀನ್? ಚಾವಣಿ ತೆರೆದಾಗ ಬಿಸಿಲು ಸೀದಾ ಅದರ ಮೇಲೆ ಬೀಳುತ್ತದೆ, ಏನೂ ಕಾಣುವುದಿಲ್ಲ. ಬ್ಲೂಟೂತ್ ಇರುವ ಸಣ್ಣ ರೇಡಿಯೋ ಸಾಕು. ಉಳಿದ ಹಣವನ್ನು ಚಾವಣಿಗೆ ಇಟ್ಟುಕೊಳ್ಳಿ, ಅದರ ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಇನ್ನೆಷ್ಟು ದಿನ ಬಾಳುತ್ತದೋ. ಮೀಟರುಗಳ ಫಲಕವನ್ನು ಬಿಳಿ ಮಾಡುವ ಯೋಚನೆಯಿದ್ದರೆ ಒಂದು ಮಾತು: ನಿಮ್ಮ ಕಾರಿನ ಆಯಿಲ್ ಒತ್ತಡದ ಮುಳ್ಳು ನಿಜವಾದ ಒತ್ತಡವನ್ನು ತೋರಿಸುತ್ತದೆ. 1995ರಿಂದ ಮಜ್ದಾ ಅದನ್ನು ಬರೀ ತೋರಿಕೆಗೆ ಇಳಿಸಿತು. ಹೊಸ ಮಾದರಿಯ ಫಲಕ ಅಗ್ಗಕ್ಕೆ ಸಿಕ್ಕಿತೆಂದು ಅದಲು ಬದಲು ಮಾಡಿಕೊಳ್ಳಬೇಡಿ.

ತೆಗೆದದ್ದನ್ನು ಎಸೆಯಬೇಡಿ, ಸೀಟಿನ ಹಳೆಯ ಉಂಗುರಗಳನ್ನು ಬಿಟ್ಟು. ಜಪಾನಿನಲ್ಲಿ ಮಜ್ದಾ ಕಂಪನಿಯೇ ಈ ಮೊದಲ ತಲೆಮಾರಿನ ಕಾರುಗಳನ್ನು ಮೊದಲಿನಂತೆ ಮಾಡಿಕೊಡುವ ಯೋಜನೆಯನ್ನು 2017ರಲ್ಲಿ ಪ್ರಕಟಿಸಿ, ನಾರ್ಡಿಯ ಮರದ ಚಕ್ರವನ್ನೂ ಗೇರ್ ನಾಬನ್ನೂ ಮತ್ತೆ ತಯಾರಿಸಿತು. ಮುಂದೆ ಕೊಳ್ಳುವವರು ಮೂಲದ ಭಾಗಗಳನ್ನೇ ಕೇಳುತ್ತಾರೆ. ನನ್ನ ಗ್ಯಾರೇಜಿನ ಅಟ್ಟದ ಮೇಲೆ ಎರಡು ರಟ್ಟಿನ ಪೆಟ್ಟಿಗೆಗಳಿವೆ: ಮೂಲ ಸ್ಟಿಯರಿಂಗ್, ರೇಡಿಯೋ, ಹರಿದ ಸೀಟಿನ ಬಟ್ಟೆ, ಒಂದು ಚೀಲದಲ್ಲಿ ಕೊಯ್ದ ಫೋಮಿನ ತುಂಡುಗಳೂ ಇವೆ. ಮೇಲೆ ನನ್ನ ಹೆಂಡತಿ ದಪ್ಪ ಪೆನ್ನಿನಿಂದ "ಇವರ ಕಾರಿನ ಪೂರ್ವಜನ್ಮ" ಎಂದು ಬರೆದಿದ್ದಾಳೆ.