ಹಾಡಿಗೆ ಸರಿಯಾಗಿ ಮದ್ದು ಸುಡಬೇಕಾ? ಟೇಪು ಹಿಡಿದು ಮೈದಾನಕ್ಕೆ ಹೋಗಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪಟಾಕಿಯದ್ದೇ. ಧಾರವಾಡದ ಸುತ್ತಮುತ್ತ ಜಾತ್ರೆ, ಗಣಪತಿ ಅಂತ ಸೌಂಡ್ ಸಿಸ್ಟಮ್ ಹಿಂದೆ ನಿಂತೇ ಅರ್ಧ ಆಯುಷ್ಯ ಕಳೆದವನು ನಾನು. ಹಾಗಾಗಿ ಸಂಪಾದಕರು ಎಲ್ಲ ಪತ್ರಗಳನ್ನೂ ನನ್ನ ಕಡೆಗೇ ತಳ್ಳಿದ್ದಾರೆ.

ಸರ್, ರಾಜ್ಯೋತ್ಸವಕ್ಕೆ ಓಣಿಯವರೆಲ್ಲ ಸೇರಿ ಒಂದೂವರೆ ಲಕ್ಷ ಪಟ್ಟಿ ಎತ್ತಿದ್ದೇವೆ. ಹಾಡಿಗೆ ತಕ್ಕಂತೆ 12 ನಿಮಿಷ ಮದ್ದು ಸುಡಬೇಕು ಅಂತ ಹುಡುಗರ ಆಸೆ. ಹಾಡೂ ಆರಿಸಿ ಆಗಿದೆ. ಪಟಾಕಿ ನಾವೇ ತಂದು ನಾವೇ ಹಚ್ಚಬಹುದಲ್ವಾ?
— ಒಬ್ಬ ಓದುಗರು, ಗದಗ-ಬೆಟಗೇರಿ

ಹಾಡನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಜಾಗ ನೋಡಿ. ಟೇಪು ಹಿಡಿದು ನಾಲ್ಕು ಜನ ಮೈದಾನಕ್ಕೆ ಹೋಗಿ. ಕೊಳವೆಯಿಂದ ಹಾರುವ 3 ಇಂಚಿನ ಶೆಲ್ಲು ಸುಮಾರು 300 ಅಡಿ ಮೇಲೆ ಹೋಗಿ ಒಡೆಯುತ್ತದೆ. ಅಮೆರಿಕದವರ ಲೆಕ್ಕ ಏನಂದರೆ ಶೆಲ್ಲಿನ ಪ್ರತಿ ಇಂಚಿಗೆ 70 ಅಡಿ ದೂರ ಜನ ನಿಲ್ಲಬೇಕು. ಅಂದರೆ 3 ಇಂಚಿಗೆ 210 ಅಡಿ, 4 ಇಂಚಿಗೆ 280 ಅಡಿ, ಅದೂ ಸುತ್ತಲೂ ನಾಲ್ಕು ದಿಕ್ಕಿಗೆ. ಓಣಿಯ ಮೈದಾನದಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಸಿಗಲಿಲ್ಲ ಅಂದರೆ ಶೆಲ್ಲಿನ ಆಸೆ ಬಿಡಿ, ಸಣ್ಣ ಶಾಟ್ಸ್ ಬಾಕ್ಸುಗಳಲ್ಲೇ ಮುಗಿಸಿ. 100 ಮೀಟರ್ ಒಳಗೆ ಆಸ್ಪತ್ರೆ, ಶಾಲೆ ಇದ್ದರೆ ಆ ಜಾಗವೇ ಬೇಡ, ಅದು ನಿಶ್ಶಬ್ದ ವಲಯ. ರಾತ್ರಿ 10ರ ಮೇಲೆ ಸದ್ದಿನ ಪಟಾಕಿ ಎಲ್ಲಿಯೂ ಹೊಡೆಯುವಂತಿಲ್ಲ. ಹಾಗಾಗಿ ಭಾಷಣಕಾರರಿಗೆ ಮೊದಲೇ ಹೇಳಿಡಿ. ಅವರು ಎಳೆದಷ್ಟೂ ನಿಮ್ಮ ಪಟಾಕಿ ಉಳಿಯುತ್ತದೆ.

ನೀವೇ ಹಚ್ಚುವುದು ಬೇಡ. ಸಾರ್ವಜನಿಕ ಪ್ರದರ್ಶನಕ್ಕೆ 2008ರ ಸ್ಫೋಟಕ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಮದ್ದಿನವರನ್ನು ಹಿಡಿಯಿರಿ, ಅರ್ಜಿಯನ್ನು ಜಿಲ್ಲಾಧಿಕಾರಿ ಕಚೇರಿಯಿಂದ ಶುರು ಮಾಡಿ. ಪೊಲೀಸ್ ಠಾಣೆ, ಅಗ್ನಿಶಾಮಕದವರು, ಮೈಕಿಗೆ ಬೇರೆ ಪರವಾನಗಿ, ಇಷ್ಟೂ ಓಡಾಟ ಆಗಬೇಕು. ಒಂದು ತಿಂಗಳು ಮೊದಲೇ ಶುರು ಮಾಡಿದರೂ ಕೊನೇ ವಾರದಲ್ಲಿ ಓಡುವುದು ತಪ್ಪುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆ ಸುಟ್ಟು ಅಷ್ಟು ಹುಡುಗರು ಸತ್ತ ಮೇಲೆ ಅಧಿಕಾರಿಗಳು ಸುಮ್ನೆ ಸಹಿ ಹಾಕುವುದಿಲ್ಲ. ಹಾಕಲೂಬಾರದು ಅಂತ ನನ್ನ ಅಭಿಪ್ರಾಯ. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಹಾವೇರಿ ಹತ್ತಿರ ಆಲದಕಟ್ಟಿಯಲ್ಲೂ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಜೀವ ಹೋಗಿದ್ದವು. ಹಾಗಾಗಿ ಮಾಲನ್ನು ಸಮುದಾಯ ಭವನದಲ್ಲೋ ಯಾರದೋ ಅಟ್ಟದ ಮೇಲೋ ಇಡುವ ಯೋಚನೆ ಬೇಡ. ಅದೇ ದಿನ ಬರಲಿ, ಅದೇ ದಿನ ಮುಗಿಯಲಿ.

ಇನ್ನು 12 ನಿಮಿಷ. ಜಾಸ್ತಿ ಆಯ್ತು. 12 ನಿಮಿಷ ಅಂದರೆ 720 ಸೆಕೆಂಡು. ಎರಡು ಸೆಕೆಂಡಿಗೊಂದು ಅಂತ ಹಿಡಿದರೂ 360 ಸಲ ಆಕಾಶ ಅರಳಬೇಕು. ಅದೇ ದುಡ್ಡಿನಲ್ಲಿ 5 ನಿಮಿಷ ಮಾಡಿ, ತುಂಬಿಕೊಂಡು ಕಾಣುತ್ತದೆ. ಗಾಳಿ ಇಲ್ಲದ ರಾತ್ರಿ ಹೊಗೆ ಅಲ್ಲೇ ನಿಂತುಬಿಡುತ್ತದೆ, ಆಮೇಲೆ ಎಷ್ಟೇ ಹೊಡೆದರೂ ಮೋಡದೊಳಗೆ ಮಿಂಚಿದ ಹಾಗೆ. ಹಾಡಿನ ಮಧ್ಯೆ ನಿಧಾನದ ಭಾಗ ಇರಲಿ, ಅಲ್ಲಿ ನೆಲದ ಮೇಲಿನ ಹೂಕುಂಡ ಮಾತ್ರ ಉರಿಯಲಿ, ಅಷ್ಟರಲ್ಲಿ ಮೇಲೆ ತಿಳಿಯಾಗುತ್ತದೆ.

ಒಂದು ಖುಷಿಯ ವಿಷಯ. ಹಳದಿಗೆ ಸೋಡಿಯಂ, ಕೆಂಪಿಗೆ ಸ್ಟ್ರಾನ್ಷಿಯಂ ಸಾಕು. ಹಸಿರು ಬಣ್ಣ ಬರುತ್ತಿದ್ದದ್ದು ಬೇರಿಯಂನಿಂದ, ಅದನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದೆ. ಹಸಿರು ಪಟಾಕಿ ಅಂದರೆ ಹೊಗೆ ಕಡಿಮೆ ಇರುವ ಪಟಾಕಿ, ಬಣ್ಣ ಹಸಿರೇ ಇರಬೇಕು ಅಂತಿಲ್ಲ. ನಿಮಗೆ ಬೇಕಾದದ್ದು ಅರಿಶಿನ-ಕುಂಕುಮ ಅಲ್ವಾ, ಚಿಂತೆಯಿಲ್ಲ. ನಾಡಗೀತೆಗೆ ಮಾತ್ರ ಪಟಾಕಿ ಹೊಂದಿಸಬೇಡಿ. ಎರಡೂವರೆ ನಿಮಿಷ ಎಲ್ಲರೂ ಎದ್ದು ನಿಂತು ಹಾಡಿ, ಆಮೇಲೆ ದೀಪ ಆರಿಸಿ ಶುರು ಮಾಡಿ.

ನಮ್ಮ ಕಾಲೊನಿಯಲ್ಲಿ ಹೋದ ವರ್ಷ ಮಾಡಿದೆವು. ತಾಳ ಬಿದ್ದು ಮೂರು ಸೆಕೆಂಡಿಗೆ ಮೇಲೆ ಹೂವು ಅರಳುತ್ತಿತ್ತು. ಜನ ನಕ್ಕರು. ಕಂಪ್ಯೂಟರ್ ಸಿಸ್ಟಮ್ ಬಾಡಿಗೆಗೆ ತರುವಷ್ಟು ದುಡ್ಡಿಲ್ಲ. ಬೇರೆ ದಾರಿ ಇದೆಯಾ ಅಣ್ಣಾ?
— ಉಣಕಲ್ಲಿನ ಓದುಗರು, ಹುಬ್ಬಳ್ಳಿ

ನೀವು ತಾಳಕ್ಕೆ ಸರಿಯಾಗಿ ಹಚ್ಚಿದ್ದೀರಿ, ಅದೇ ಆದ ತಪ್ಪು. ಶೆಲ್ಲು ಕೊಳವೆ ಬಿಟ್ಟು ಮೇಲೆ ಹೋಗಿ ಒಡೆಯುವುದಕ್ಕೇ ಎರಡೂವರೆ, ಮೂರು ಸೆಕೆಂಡು ಬೇಕು. ಅಷ್ಟು ಮೊದಲೇ ಹಾರಿಸಬೇಕು. ಎಷ್ಟು ಮೊದಲು ಅಂತ ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ. ಒಂದು ಮಾದರಿಯದು ಎರಡೆರಡು ಮೊದಲೇ ಮದ್ದಿನವರ ಕೈಯಲ್ಲಿ ಹಾರಿಸಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಮೇಲೆ ಮನೆಯಲ್ಲಿ ಕೂತು, ಹಾರಿದ ಕ್ಷಣದಿಂದ ಅರಳಿದ ಕ್ಷಣದ ತನಕ ಎಷ್ಟು ಸೆಕೆಂಡು ಅಂತ ಬರೆದಿಡಿ. ಶಾಟ್ಸ್ ಬಾಕ್ಸಿಗೂ ಹಾಗೇ, ಮೊದಲ ಶಾಟಿನಿಂದ ಕೊನೆಯದರ ತನಕ.

ಆಮೇಲೆ ಹೊಂದಿಸಬೇಕಾದದ್ದು ಬೆಳಕನ್ನು, ಸದ್ದನ್ನಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಮೇಲೆ, ನೂರು ಮೀಟರ್ ಆಚೆ ಒಡೆದದ್ದರ 'ಢಂ' ನಿಮ್ಮ ಕಿವಿಗೆ ಬರುವಾಗ ಹೆಚ್ಚುಕಡಿಮೆ ಅರ್ಧ ಸೆಕೆಂಡು ಆಗಿರುತ್ತದೆ. ಅದನ್ನು ಸರಿಮಾಡಲು ಹೋಗಬೇಡಿ. ಕಣ್ಣು ತಾಳ ಹಿಡಿದರೆ ಕಿವಿ ಕ್ಷಮಿಸುತ್ತದೆ. ಸ್ಪೀಕರ್ ಮಾತ್ರ ಜನರ ಹತ್ತಿರವೇ ಇಡಿ. ಮೈದಾನದ ಆ ತುದಿಯಲ್ಲಿಟ್ಟರೆ ಹಾಡೇ ತಡವಾಗಿ ಬರುತ್ತದೆ. ಬ್ಲೂಟೂತ್ ಬೇಡವೇ ಬೇಡ, ಅದರಲ್ಲೂ ತಡ ಇದೆ, ವೈರು ಎಳೆಯಿರಿ.

ಬಾಡಿಗೆಯ ಕಂಪ್ಯೂಟರ್ ಸಿಸ್ಟಮ್ ಇಲ್ಲದೆ ಮಾಡುವ ದಾರಿ ಇದು. ಲ್ಯಾಪ್‌ಟಾಪಿನಲ್ಲಿ ಒಂದು ಸ್ಟೀರಿಯೊ ಫೈಲ್ ಮಾಡಿ. ಎಡಗಡೆ ಚಾನೆಲ್‌ನಲ್ಲಿ ಹಾಡು ಮಾತ್ರ, ಅದು ಮಿಕ್ಸರ್‌ಗೆ ಹೋಗಲಿ. ಬಲಗಡೆ ನಿಮ್ಮದೇ ದನಿ: 'ಏಳನೇ ನಂಬರ್... ಮೂರು, ಎರಡು, ಒಂದು, ಹೊಡಿ'. ಅದು ಮದ್ದಿನವರ ಕಿವಿಯ ಹೆಡ್‌ಫೋನಿಗೆ ಮಾತ್ರ. 'ಹೊಡಿ' ಅನ್ನುವುದು ತಾಳಕ್ಕಿಂತ ಆ ಶೆಲ್ಲಿನ ಸೆಕೆಂಡಿನಷ್ಟು ಮೊದಲೇ ಇರುತ್ತದೆ. ಅವರು ಸ್ವಿಚ್ ಬೋರ್ಡ್ ಮುಂದೆ ಕೂತು ನಂಬರ್ ಒತ್ತುತ್ತಾ ಹೋಗುತ್ತಾರೆ, ವೈರಿನ ಆ ತುದಿಯ ಇ-ಮ್ಯಾಚ್, ಅಂದರೆ ಕರೆಂಟಿಗೆ ಹೊತ್ತುವ ಕಡ್ಡಿ, ಹೊತ್ತಿಕೊಳ್ಳುತ್ತದೆ. ಕೈಯಲ್ಲಿ ಊದುಬತ್ತಿ ಹಿಡಿದು ಓಡುವವರಿಗೆ ಇದು ಸಾಧ್ಯವೇ ಇಲ್ಲ. ಬೋರ್ಡಿನ ಕೀಲಿ ಒಬ್ಬರ ಜೇಬಲ್ಲೇ ಇರಲಿ. ಪಟಾಕಿ ಇಟ್ಟ ಜಾಗದೊಳಗೆ ಒಬ್ಬ ಮನುಷ್ಯ ಇದ್ದರೂ ಕೀಲಿ ಜೇಬಿನಿಂದ ಹೊರಗೆ ಬರಬಾರದು. ವೈರು ಸರಿಯಿದೆಯಾ ಅಂತ ಸಾದಾ ಎಲೆಕ್ಟ್ರಿಷಿಯನ್ ಮೀಟರ್ ಹಚ್ಚಬೇಡಿ, ಅದರ ಕರೆಂಟಿಗೇ ಇ-ಮ್ಯಾಚ್ ಹೊತ್ತಬಹುದು.

ಇನ್ನೊಂದು ಮಾತು, ನಾನು ಅನುಭವಿಸಿದ್ದು. ವರ್ಷಗಳ ಹಿಂದೆ ಧಾರವಾಡದ ಒಂದು ಬಡಾವಣೆಯಲ್ಲಿ ಹಾಡನ್ನು ನನ್ನ ಮೊಬೈಲಿನಿಂದಲೇ ಹಾಕಿದ್ದೆ. ಎರಡನೇ ಚರಣ ಶುರುವಾಗಿತ್ತು, ಆಗ ನಮ್ಮ ಕಾಕಾನ ಫೋನ್ ಬಂತು. ಹಾಡು ನಿಂತು ಇಡೀ ಮೈದಾನಕ್ಕೆ ರಿಂಗ್‌ಟೋನ್. ಮೇಲೆ ಪಟಾಕಿ ತನ್ನ ಪಾಡಿಗೆ ಒಡೆಯುತ್ತಲೇ ಇತ್ತು. ಕಾಕಾ ಕೇಳಬೇಕಾಗಿದ್ದು ಇಷ್ಟೇ: 'ಶುರು ಆತೇನೋ?'

ಹಾಡಿನ ಬದಲು ಜಗ್ಗಲಿಗೆಯವರನ್ನೇ ಕರೆಸಿ ಬಾರಿಸಿದರೆ ಹೇಗೆ ಸರ್?
— ಧಾರವಾಡದ ಓದುಗರು

ನನಗೆ ಬಂದದ್ದರಲ್ಲಿ ಅತಿ ಚಂದದ ಪ್ರಶ್ನೆ ಇದು. ಆದರೆ ಜಗ್ಗಲಿಗೆಯವರು ಹುರುಪು ಬಂದರೆ ಲಯ ಏರಿಸುತ್ತಾರೆ. ಅದೇ ಅದರ ಸೊಗಸು, ಸೆಕೆಂಡು ಲೆಕ್ಕ ಹಾಕಿದ ಪಟಾಕಿಗೆ ಅದೇ ತೊಂದರೆ. ಹದಿನೈದು ದಿನ ಮೊದಲೇ ಅವರನ್ನು ಕರೆದು ನಾಲ್ಕು ನಿಮಿಷ ಬಾರಿಸಿ ರೆಕಾರ್ಡ್ ಮಾಡಿ, ಆ ರೆಕಾರ್ಡಿಗೆ ಹೊಂದಿಸಿ. ಸಂಭಾವನೆ ಮರೆಯಬೇಡಿ. ಸಿನಿಮಾ ಹಾಡಾದರೆ ಹಾಡಿನ ಹಕ್ಕು ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳ ಪರವಾನಗಿ ಕೇಳಬೇಕಾಗುತ್ತದೆ. ಇಲ್ಲಿ ಕಲಾವಿದರು ಒಪ್ಪಿ ಬರೆದುಕೊಟ್ಟರೆ ಆ ತಲೆನೋವೂ ಇಲ್ಲ. ಪಟಾಕಿ ಮುಗಿದ ಮೇಲೆ ಅವರು ಖುದ್ದಾಗಿ ಮೈದಾನಕ್ಕೆ ಇಳಿದು ಎಷ್ಟು ಬೇಕಾದರೂ ಏರಿಸಲಿ.

ಮೈದಾನದ ಪಕ್ಕದಲ್ಲೇ ಮೂರು ಬಣವಿ ಇವೆ. ನಮ್ಮ ಅಜ್ಜ ಬೇಡವೇ ಬೇಡ ಅಂತ ಕೂತಿದ್ದಾರೆ.
— ಹಾವೇರಿ ಹತ್ತಿರದ ಹಳ್ಳಿಯ ಓದುಗರು

ಅಜ್ಜ ಹೇಳಿದ್ದು ಸರಿ. ನವೆಂಬರಿನಲ್ಲಿ ನಮ್ಮ ಕಡೆ ಮೂಡಗಾಳಿ, ಉರಿಯುವ ಚೂರು ಪಡುವಣಕ್ಕೆ ಹೋಗಿ ಬೀಳುತ್ತದೆ. ಬಣವಿ ಆ ದಿಕ್ಕಿಗಿದ್ದರೆ ಜಾಗ ಬದಲಿಸಿ. ಒಂದು ಬಣವಿ ಅಂದರೆ ಒಂದು ಮನೆಯ ದನಗಳ ಇಡೀ ವರ್ಷದ ಮೇವು, ತಾಡಪತ್ರಿ ಹೊದಿಸಿದರೆ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಿಡಿಸಿಟ್ಟ ಹತ್ತಿಯ ರಾಶಿಗೂ ಇದೇ ಮಾತು. ದನಗಳನ್ನು ಅವತ್ತು ದೂರದ ಹೊಲದಲ್ಲಿ ಕಟ್ಟಿ. ಅಜ್ಜನನ್ನೇ ಮುಂದೆ ಕರೆದು ಗಾಳಿ ನೋಡುವ ಕೆಲಸ ಕೊಡಿ, ಅವರು ಬೇಡ ಅಂದರೆ ಅವತ್ತು ಬೇಡ.

ಹತ್ತದೇ ಉಳಿದ ಪಟಾಕಿ ಏನು ಮಾಡಬೇಕು?
— ಶಿಗ್ಗಾಂವಿಯ ಓದುಗರು

ಕನಿಷ್ಠ ಅರ್ಧ ತಾಸು ಯಾರೂ ಹತ್ತಿರ ಹೋಗಬಾರದು. ಮತ್ತೆ ಹಚ್ಚುವುದಂತೂ ಇಲ್ಲ. ಕೊಳವೆಯೊಳಗೆ ಬಗ್ಗಿ ನೋಡಬಾರದು, ಆಮೇಲೆ ಮದ್ದಿನವರೇ ನೀರು ಹಾಕಿ ತೆಗೆಯಲಿ. ಕತ್ತಲಲ್ಲಿ ಎಲ್ಲವೂ ಸಿಗುವುದಿಲ್ಲ. ಅದಕ್ಕೆ ಮರುದಿನ ಬೆಳಕು ಹರಿಯುತ್ತಿದ್ದಂತೆ ಹತ್ತು ಜನ ಸಾಲಾಗಿ ನಿಂತು ಮೈದಾನ ಇಡೀ ನಡೆದು ಹುಡುಕಿ. ಹೊತ್ತು ಮಾಡಬೇಡಿ, ಅರ್ಧ ಸುಟ್ಟ ಪಟಾಕಿ ಆಯ್ದುಕೊಳ್ಳಲು ಮಕ್ಕಳು ಆರು ಗಂಟೆಗೇ ಬಂದಿರುತ್ತಾರೆ.